ದೇವರು ಅಖಾಡಕ್ಕಿಳಿದರೆ ಸಿಟ್ಟು ಬರಬೇಕಾದದ್ದು ಯಾವುದಕ್ಕೆ? ‘ರೆಕಾರ್ಡ್ ಆಫ್ ರಾಗ್ನರಾಕ್’ ಬಗ್ಗೆ ಚರ್ಚೆ

ನೀಲಿಶಾಯಿ

ಜಪಾನಿನ ಅನಿಮೆ (ಅನಿಮೇಷನ್ ಸರಣಿ) ‘ರೆಕಾರ್ಡ್ ಆಫ್ ರಾಗ್ನರಾಕ್’ನ ಮೂರನೇ ಸೀಸನ್ ಬಂದ ಮೇಲೆ ಹಳೇ ಜಗಳ ಮತ್ತೆ ತಲೆ ಎತ್ತಿದೆ. ‘ಶಿವನಿಗೆ ಅವಮಾನ’ ಅಂತ ಒಂದು ಕಡೆ. ‘ಕಾರ್ಟೂನ್ ಕಣ್ರೀ, ಬಿಟ್ಹಾಕಿ’ ಅಂತ ಇನ್ನೊಂದು ಕಡೆ. ಎರಡು ಕಡೆಯವರೂ ಶಿವ ಹೊಡೆದಾಡುವ ಐದನೇ ಸುತ್ತನ್ನು ಪೂರ್ತಿ ನೋಡಿದ ಹಾಗೆ ಕಾಣುವುದಿಲ್ಲ. ಕಥೆಯ ಗುಟ್ಟೆಲ್ಲ ಇಲ್ಲಿ ಹೊರಬೀಳುತ್ತದೆ, ಇನ್ನೂ ನೋಡದವರು ಮುಂದೆ ಓದಬೇಡಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸಾವಿರ ವರ್ಷಕ್ಕೊಮ್ಮೆ ದೇವರುಗಳ ಸಭೆ ಸೇರುತ್ತದೆ. ಮನುಷ್ಯರು ಸುಧಾರಿಸುವ ಪೈಕಿ ಅಲ್ಲ, ಮುಗಿಸಿಬಿಡೋಣ ಅಂತ ತೀರ್ಮಾನ ಆಗುತ್ತದೆ. ಬ್ರುನ್‌ಹಿಲ್ಡ್ ಎಂಬ ವಾಲ್ಕಿರಿ (ಉತ್ತರ ಯೂರೋಪಿನ ಹಳೇ ನಾರ್ಸ್ ಪುರಾಣದ ಯೋಧ ಕನ್ಯೆ) ಅಡ್ಡ ಬರುತ್ತಾಳೆ. ಹದಿಮೂರು ದೇವರು, ಹದಿಮೂರು ಮನುಷ್ಯರು, ಒಬ್ಬರಿಗೆ ಎದುರಾಗಿ ಒಬ್ಬರು. ಮೊದಲು ಏಳು ಗೆದ್ದವರಿಗೆ ಜಯ. ಮೂಲ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಶುರುವಾದದ್ದು 2017ರಲ್ಲಿ. ಅನಿಮೆ 2021ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಆದರೆ ಭಾರತದಲ್ಲಿ ಆಗ ಸಿಗಲಿಲ್ಲ. ಅಮೆರಿಕದ ಹಿಂದೂ ಮುಖಂಡ ರಾಜನ್ ಜೆಡ್ ಶಿವನ ಚಿತ್ರಣಕ್ಕೆ ಆಕ್ಷೇಪ ಎತ್ತಿದ್ದರು. ಮಜಾ ಏನೆಂದರೆ, ಆ ಸೀಸನ್‌ನಲ್ಲಿ ಶಿವ ಕಾಳಗವನ್ನೇ ಆಡಿಲ್ಲ. ಎರಡನೇ ಸುತ್ತಿಗೆ ಹೊರಟಿರುತ್ತಾನೆ, ಗ್ರೀಕರ ದೇವರಾಜ, ಮುದುಕ ಜೀಯಸ್ ಬಂದು ಅವನ ಸರದಿಯನ್ನು ತಾನು ತೆಗೆದುಕೊಳ್ಳುತ್ತಾನೆ, ಅಷ್ಟೇ. ಶಿವನ ಕಾಳಗ ಬಂದದ್ದು 2023ರ ಜನವರಿಯಲ್ಲಿ.

ಈಗ ನನ್ನ ತಕರಾರು. ದೇವರು ಮನುಷ್ಯನ ಜೊತೆ ಕೈಕೈ ಮಿಲಾಯಿಸುವುದು ನಮಗೇನು ಹೊಸದಾ? ಅರ್ಜುನ ತಪಸ್ಸಿಗೆ ಕೂತಾಗ ಶಿವ ಬೇಡನಾಗಿ ಬಂದ. ಒಂದು ಹಂದಿಗೆ ಇಬ್ಬರೂ ಬಾಣ ಬಿಟ್ಟು ‘ನನ್ನದು’ ‘ನನ್ನದು’ ಅಂತ ಜಗಳಕ್ಕೆ ನಿಂತರು. ಬಾಣ ಮುಗಿಯಿತು. ಬಿಲ್ಲಿನಲ್ಲೇ ಹೊಡೆದ. ಬಿಲ್ಲೂ ಹೋಯಿತು. ಕೊನೆಗೆ ಮೈಗೆ ಮೈ ಕೊಟ್ಟು ಹೊರಳಾಡಿದರು. ಏನು ಮಾಡಿದರೂ ಬಗ್ಗದ ಬೇಡನನ್ನು ಬಿಟ್ಟು ಅರ್ಜುನ ಮಣ್ಣಿನ ಲಿಂಗ ಮಾಡಿ ಅದಕ್ಕೆ ಹೂವಿನ ಹಾರ ಹಾಕಿದ. ನೋಡಿದರೆ ಆ ಹಾರ ಬೇಡನ ಕೊರಳಲ್ಲಿದೆ.

ಕಣ್ಣಪ್ಪನ ಕಥೆ ಇದಕ್ಕಿಂತ ಒಂದು ಕೈ ಮೇಲೆ. ಲಿಂಗದ ಕಣ್ಣಲ್ಲಿ ರಕ್ತ ಬರುತ್ತದೆ. ತನ್ನ ಒಂದು ಕಣ್ಣು ಕಿತ್ತು ಇಡುತ್ತಾನೆ. ಇನ್ನೊಂದರಲ್ಲೂ ರಕ್ತ. ಎರಡನೇ ಕಣ್ಣನ್ನೂ ಕಿತ್ತರೆ ಜಾಗ ಕಾಣುವುದಿಲ್ಲವಲ್ಲ, ಅದಕ್ಕೆ ಗುರುತಿಗೆ ಅಂತ ಕಾಲನ್ನೇ ಲಿಂಗದ ಮೇಲೆ ಇಡುತ್ತಾನೆ. ಶಿವನ ಮುಖದ ಮೇಲೆ ಬೇಡನ ಕಾಲು! ಇದನ್ನು ಕೇಳಿ ಯಾರಿಗೂ ಸಿಟ್ಟು ಬರುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ.

ಹಾಗಾಗಿ ಏಟು ಬಿತ್ತು, ಕೈ ಹೋಯಿತು ಅನ್ನುವುದು ನನಗೆ ತೊಂದರೆಯೇ ಅಲ್ಲ. ಆ ಏಟಿನ ಹಿಂದೆ ಇಬ್ಬರ ನಡುವೆ ಏನಿದೆ ಅನ್ನುವುದೇ ಪ್ರಶ್ನೆ. ಅನಿಮೆಯ ಶಿವನಿಗೆ ನಾಲ್ಕು ಕೈ ಇದೆ, ತಾಂಡವ ಇದೆ, ಮೂವರು ಹೆಂಡತಿಯರಿದ್ದಾರೆ. ಒಬ್ಬ ಭಕ್ತ ಇಲ್ಲ. ಅವನನ್ನು ಕರೆಯುವವರು ಯಾರೂ ಇಲ್ಲ. ಭಕ್ತನೇ ಇಲ್ಲದ ಶಿವ ನಮಗೆ ಪರಿಚಯದವನಲ್ಲ. ನನಗೆ ಅದು ಅವಮಾನ ಅನ್ನಿಸಿಲ್ಲ, ಖಾಲಿ ಅನ್ನಿಸಿತು. ನಿಮಗೆ?

ಹರಟೆಮಲ್ಲ

ಎಲ್ಲಾ ಸರಿ ಗುರು. ಆದ್ರೆ ಮೊದಲನೇ ಸುತ್ತಿನಲ್ಲಿ ನಾರ್ಸ್ ದೇವರು ಥಾರ್ ಸುತ್ತಿಗೆ ಹಿಡಿದು ಚೀನಾದ ಯೋಧ ಲ್ಯೂ ಬುನ ಜೊತೆ ಹೊಡೆದಾಡಿದಾಗ ಯಾರಾದ್ರೂ ಕಮಕ್ ಕಿಮಕ್ ಅಂದ್ರಾ? ಗ್ರೀಕರ ಸಮುದ್ರದೇವ ಪೊಸೈಡನ್ ಸತ್ತ. ಹೆರಾಕ್ಲಿಸ್ ಸತ್ತ. ಎಲ್ಲೂ ಸದ್ದಿಲ್ಲ. ಶಿವ ಗೆದ್ದ ರೀ, ಗೆದ್ದ! ಗೆದ್ದವನ ಕಡೆಯವರೇ ಯಾಕೆ ಅಳೋದು?

ನೀಲಿಶಾಯಿ

ಮಲ್ಲ, ಪೊಸೈಡನ್‌ಗೆ ಬೆಳಿಗ್ಗೆ ಎದ್ದು ದೀಪ ಹಚ್ಚುವವರು ಎಷ್ಟು ಜನ ಸಿಗುತ್ತಾರೆ? ಶಿವನಿಗೆ ಕೋಟಿಗಟ್ಟಲೆ. ಒಬ್ಬ ಪುಸ್ತಕದ ಪಾತ್ರ, ಇನ್ನೊಬ್ಬ ಮನೆಯವನು. ಈ ಸರಣಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಹಾಗಂತ ಥಾರ್‌ಗೆ ಯಾರೂ ಇಲ್ಲ ಅಂತಲೂ ಅಲ್ಲ. ಐಸ್‌ಲ್ಯಾಂಡ್‌ನಲ್ಲಿ ಹಳೇ ನಾರ್ಸ್ ದೇವರುಗಳನ್ನು ನಂಬುವವರ ಸಂಘ 1972ರಲ್ಲೇ ಹುಟ್ಟಿದೆ, ಅಲ್ಲಿನ ಸರ್ಕಾರದ ಮಾನ್ಯತೆಯೂ ಇದೆ. ಸಂಖ್ಯೆ ಚಿಕ್ಕದು, ಅದಕ್ಕೆ ಸದ್ದೂ ಚಿಕ್ಕದು. ಜಾಸ್ತಿ ಜನ ಇದ್ದರೆ ಜಾಸ್ತಿ ಗೌರವ ಅನ್ನುವ ಲೆಕ್ಕ ನನಗೂ ಇಷ್ಟ ಇಲ್ಲ. ಆದರೆ ನಡೆಯುವುದು ಹಾಗೇ.

ಯಕ್ಷಪ್ರೇಮಿ

ನೀಲಿಶಾಯಿ ಅವರೇ, ಕಿರಾತಾರ್ಜುನದ ಮಾತು ನೀವೇ ತೆಗೆದಿರಿ, ಆಮೇಲೆ ನೀವೇ ಅರ್ಧಕ್ಕೆ ಕೈಬಿಟ್ಟಿರಿ. ಐದನೇ ಸುತ್ತೇ ಒಂದು ಕಿರಾತಾರ್ಜುನ ಅಂತ ನನಗೆ ಅನ್ನಿಸಿದ್ದು.

ಎದುರಾಳಿ ಯಾರು ನೋಡಿ. ರೈಡೆನ್ ತಮೆಎಮೊನ್. 1767ರಲ್ಲಿ ಹುಟ್ಟಿ 1825ರಲ್ಲಿ ತೀರಿಕೊಂಡ ನಿಜವಾದ ಸುಮೋ ಪೈಲ್ವಾನ. ದಾಖಲೆಯಲ್ಲಿ 254 ಗೆಲುವು, ಬರೀ 10 ಸೋಲು. ಇಷ್ಟಿದ್ದೂ ಸುಮೋದ ಕೊನೆಯ ಮೆಟ್ಟಿಲಾದ ಯೊಕೊಜುನ ಪಟ್ಟ ಅವನಿಗೆ ಸಿಗಲೇ ಇಲ್ಲ, ಓಜೆಕಿ ಆಗಿಯೇ ಉಳಿದ. ಯಾಕೆ ಅಂತ ಜನ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ. ಕಥೆಯಲ್ಲಿ ಇವನ ಸ್ನಾಯುಗಳು ಎಷ್ಟು ಬಲವಾಗಿವೆ ಎಂದರೆ ಮಗುವಾಗಿದ್ದಾಗ ಅವನ ಮೂಳೆಯನ್ನೇ ಮುರಿದಿದ್ದವು. ಅದಕ್ಕೆ ಹುಟ್ಟಿದಾಗಿನಿಂದ ಬಲವನ್ನು ಅದುಮಿಟ್ಟುಕೊಂಡೇ ಬದುಕಿದವನು. ಅಖಾಡದಲ್ಲಿ ಯಾರನ್ನೂ ಪೂರ್ತಿ ಬಲ ಹಾಕಿ ಹಿಡಿದವನಲ್ಲ. ಹಿಡಿದರೆ ಎದುರಾಳಿ ಸಾಯುತ್ತಾನೆ.

ಅಂಥವನಿಗೆ ಜೀವಮಾನದಲ್ಲಿ ಮೊದಲ ಸಲ, ಪೂರ್ತಿ ಬಲ ಹಾಕಿದರೂ ಎದ್ದು ನಿಲ್ಲುವವನು ಸಿಗುತ್ತಾನೆ. ಆ ಮುಖದ ಮೇಲಿನ ನಗು ನೋಡಿದಿರಾ? ಅರ್ಜುನನಿಗೂ ಬೇಡ ಕೊಟ್ಟದ್ದು ಅದನ್ನೇ ಅಲ್ವಾ? ‘ನಿನ್ನ ಬಲ ಎಲ್ಲಿವರೆಗೆ ಇದೆ, ಪೂರ್ತಿ ತೋರಿಸು, ನಾನಿದ್ದೇನೆ.’ ಪಾಶುಪತಾಸ್ತ್ರ ಬಂದದ್ದು ಆಮೇಲೆ.

ಇನ್ನೊಂದು ಮಾತು. ಯಕ್ಷಗಾನದಲ್ಲಿ ಈ ಪ್ರಸಂಗ ನೋಡಿದವರಿಗೆ ಗೊತ್ತು, ಅರ್ಜುನ ಆ ಬೇಡನನ್ನು ಬಾಯಿಗೆ ಬಂದ ಹಾಗೆ ಹಂಗಿಸುತ್ತಾನೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಬೇಡ ಯಾರು ಅಂತ ಅರ್ಜುನನಿಗೆ ಬಿಟ್ಟು ಎಲ್ಲರಿಗೂ ಗೊತ್ತು. ದೇವರನ್ನು ಬೈದರೆ ದೇವರು ಚಿಕ್ಕವನಾಗುವುದಿಲ್ಲ. ನಿಂದಾಸ್ತುತಿ ಅಂತ ಒಂದು ಬಗೆಯೇ ನಮ್ಮಲ್ಲಿ ಇದೆ.

ನೀಲಿಶಾಯಿ

ಯಕ್ಷಪ್ರೇಮಿ ಅವರೇ, ರೈಡೆನ್ ಕಡೆಯಿಂದ ನೋಡಿದರೆ ನಿಮ್ಮ ಮಾತು ಸರಿ. ನನ್ನ ತಕರಾರು ಶಿವನ ಕಡೆಯಿಂದ. ಕಿರಾತಾರ್ಜುನದಲ್ಲಿ ಶಿವ ಬರುವುದೇ ಅರ್ಜುನನಿಗೋಸ್ಕರ. ಇಲ್ಲಿ ಶಿವ ಯಾಕೆ ಹೊಡೆದಾಡುತ್ತಾನೆ? ಹಳೇ ಗೆಳೆಯ ರುದ್ರನ ಜೊತೆ ಹೊರಟು, ಸಿಕ್ಕ ಸಿಕ್ಕ ದೇವರನ್ನೆಲ್ಲ ಸೋಲಿಸಿ, ಕೊನೆಗೆ ಆ ಗೆಳೆಯನನ್ನೂ ಸೋಲಿಸಿ ತುದಿಗೇರಿದ್ದಾನೆ. ಸೋತವರ ಕನಸನ್ನೆಲ್ಲ ಹೊತ್ತುಕೊಂಡಿದ್ದಾನೆ, ಅದಕ್ಕೆ ಸೋಲುವ ಹಾಗಿಲ್ಲ. ಇದು ಜಪಾನಿನ ಶಾಲಾ ಹುಡುಗರ ಮಂಗಾದಲ್ಲಿ ಬರುವ ಗ್ಯಾಂಗ್ ಲೀಡರ್‌ನ ಕಥೆ. ಚೆನ್ನಾಗಿದೆ, ಅಲ್ಲಗಳೆಯಲ್ಲ. ಆದರೆ ಆ ಜಾಗದಲ್ಲಿ ಯಾರ ಹೆಸರು ಹಾಕಿದರೂ ನಡೆಯುತ್ತದೆ.

ಮತ್ತೆ ರುದ್ರ ಅಂದರೆ ಯಾರು? ವೇದದಲ್ಲಿ ಬರುವ ರುದ್ರನೇ ಮುಂದೆ ಶಿವನಾದದ್ದು. ಶ್ರೀರುದ್ರದಲ್ಲೇ ‘ನಮಃ ಶಿವಾಯ’ ಬರುತ್ತದೆ. ಈ ಸರಣಿ ಒಬ್ಬನನ್ನೇ ಸೀಳಿ ಇಬ್ಬರು ಗೆಳೆಯರನ್ನು ಮಾಡಿದೆ. ಬರೆದವರು ಗೊತ್ತಿದ್ದೇ ಹೀಗೆ ಮಾಡಿದ್ದರೆ ಅದೊಂದು ದೊಡ್ಡ ಕಥೆ ಆಗುತ್ತಿತ್ತು. ತನ್ನ ಹಳೇ ರೂಪವನ್ನೇ ಸೋಲಿಸಿ ಮೇಲೆ ಬಂದ ದೇವರು! ಆದರೆ ಅಂಥದ್ದೊಂದು ಸುಳಿವೂ ಇಲ್ಲ. ಹೆಸರು ಕೈಗೆ ಸಿಕ್ಕಿತು, ಬಳಸಿಕೊಂಡರು.

ಕಡ್ಲೆಪುರಿ

ಗೆಳೆಯ ಗೆಳೆಯ ಅಂತ ಇಷ್ಟೊತ್ತು ಮಾತಾಡಿದ್ರಿ. ಆ ಮೂವರು ಹೆಂಡತಿಯರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ ನೋಡಿ.

ಪಾರ್ವತಿ, ದುರ್ಗೆ, ಕಾಳಿ. ನಮ್ಮ ಕಥೆಗಳಲ್ಲಿ ಒಬ್ಬಳೇ ದೇವಿಯ ಬೇರೆ ಬೇರೆ ಮುಖ. ಇಲ್ಲಿ ಮೂರು ಬೇರೆ ಹೆಂಗಸರು. ಅದಾದರೂ ಹೋಗಲಿ. ಮಹಿಷಾಸುರನ ಎದುರು ದೇವತೆಗಳೆಲ್ಲ ಸೋತು ಸುಣ್ಣವಾಗಿ, ತಮ್ಮ ತಮ್ಮ ಆಯುಧ ತಂದು ಯಾರ ಕೈಗೆ ಕೊಟ್ಟರು? ದುರ್ಗೆಯ ಕೈಗೆ. ರಕ್ತಬೀಜನ ಒಂದೊಂದು ಹನಿ ರಕ್ತಕ್ಕೂ ಒಬ್ಬೊಬ್ಬ ರಾಕ್ಷಸ ಹುಟ್ಟುತ್ತಿದ್ದಾಗ ನಾಲಿಗೆ ಚಾಚಿ ಅದನ್ನೆಲ್ಲ ಕುಡಿದವಳು ಕಾಳಿ. ಇವರಿಬ್ಬರೂ ಈ ಸರಣಿಯಲ್ಲಿ ಏನು ಮಾಡುತ್ತಾರೆ? ಗ್ಯಾಲರಿಯಲ್ಲಿ ಕೂತು ಗಂಡನಿಗೋಸ್ಕರ ಕಣ್ಣೀರು ಹಾಕುತ್ತಾರೆ!

ಈಗ ಇಡೀ ಪಟ್ಟಿ ತೆಗೆಯಿರಿ. ದೇವರ ಕಡೆ ಜೀಯಸ್, ಥಾರ್, ಓಡಿನ್, ಲೋಕಿ, ಪೊಸೈಡನ್, ಹೆರಾಕ್ಲಿಸ್, ಶಿವ, ಅಪೊಲೊ, ಸುಸಾನೊ, ಅನುಬಿಸ್, ಬೀಲ್ಜೆಬಬ್, ಬಿಷಮೊನ್, ಬುದ್ಧ. ಮನುಷ್ಯರ ಕಡೆಯೂ ಎಲ್ಲ ಗಂಡಸರೇ. ಅಥೀನಾ ಇಲ್ಲ, ಸೆಖ್ಮೆತ್ ಇಲ್ಲ, ಜೋನ್ ಆಫ್ ಆರ್ಕ್ ಇಲ್ಲ. ಹೆಂಗಸರು ಅಂದರೆ ವಾಲ್ಕಿರಿಗಳು. ಅವರ ಕೆಲಸ ಮನುಷ್ಯ ಗಂಡಸರ ಕೈಯಲ್ಲಿ ಆಯುಧ ಆಗುವುದು. ಅವನು ಸೋತರೆ ಅವಳೂ ಅವನ ಜೊತೆ ಇಲ್ಲವಾಗುತ್ತಾಳೆ. ಧರ್ಮದ ಅವಮಾನ ಹುಡುಕುವವರ ಕಣ್ಣಿಗೆ ಇದು ಯಾಕೆ ಬೀಳಲ್ಲ ಅಂತ ನನ್ನ ಪ್ರಶ್ನೆ.

ಹರಟೆಮಲ್ಲ

ಬ್ರುನ್‌ಹಿಲ್ಡ್ ಇದಾಳಲ್ಲ ಮೇಡಂ? ಇಡೀ ಆಟ ಆಡಿಸ್ತಿರೋದೇ ಅವಳು.

ಕಡ್ಲೆಪುರಿ

ಇದ್ದಾಳೆ. ಅವಳೊಬ್ಬಳಿಂದಲೇ ನಾನು ಇದನ್ನು ಇನ್ನೂ ನೋಡುತ್ತಿರುವುದು. ಒಬ್ಬಳ ಹೆಸರು ಹೇಳಿ ಉಳಿದ ಲೆಕ್ಕ ಮುಚ್ಚಬೇಡಿ.

ರಾತ್ರಿಪಾಳಿ

ನೀಲಿಶಾಯಿ ಹೇಳಿದ ‘ಖಾಲಿ’ ಅನ್ನುವ ಮಾತು ಹಿಡಿದುಕೊಂಡು ಆರನೇ ಸುತ್ತಿಗೆ ಹೋಗುತ್ತೇನೆ. ಬುದ್ಧನ ಸುತ್ತು.

ನೋಡುವ ಮೊದಲು ನನಗೂ ಅನುಮಾನ ಇತ್ತು. ಬಾಯಲ್ಲಿ ಲಾಲಿಪಾಪ್, ಕಿವಿಯಲ್ಲಿ ರಿಂಗು, ತಂಪು ಕನ್ನಡಕ. ಇವನು ಬುದ್ಧನಾ ಅಂತ. ಸಂಪ್ರದಾಯದಲ್ಲಿ ಬುದ್ಧನ ದೊಡ್ಡ ಕಾಳಗ ಒಂದೇ, ಮಾರನ ಜೊತೆ. ಆ ಕಾಳಗದಲ್ಲಿ ಬುದ್ಧ ಎದ್ದೇ ಇಲ್ಲ. ಮಾರ ಸೈನ್ಯ ತಂದ, ಹೆಣ್ಣುಮಕ್ಕಳನ್ನು ಕಳಿಸಿದ, ‘ಈ ಆಸನ ನಿನ್ನದು ಅನ್ನುವುದಕ್ಕೆ ಸಾಕ್ಷಿ ಯಾರು’ ಅಂದ. ಸಿದ್ಧಾರ್ಥ ಬಲಗೈ ಇಳಿಸಿ ಬೆರಳಿನಿಂದ ನೆಲ ಮುಟ್ಟಿದ. ಭೂಮಿಯೇ ಸಾಕ್ಷಿ. ಆಟ ಮುಗಿಯಿತು. ಭೂಮಿಸ್ಪರ್ಶ ಮುದ್ರೆಯ ಮೂರ್ತಿ ನೋಡಿದವರಿಗೆಲ್ಲ ಆ ಕೈ ಗೊತ್ತು. ಕೂತೇ ಗೆದ್ದವನನ್ನು ಹೊಡೆದಾಟದ ಸರಣಿಗೆ ತಂದರೆ ಏನು ಮಾಡಿಸುತ್ತೀರಿ? ಎಬ್ಬಿಸಿ ನಿಲ್ಲಿಸಲೇಬೇಕು. ಅಲ್ಲೇ ಬುದ್ಧ ಅರ್ಧ ಕಳೆದುಹೋದ ಅಂದುಕೊಂಡೆ.

ಆದರೆ ನೋಡಿ. ಮೊದಲನೆಯದಾಗಿ, ದೇವರ ಪಟ್ಟಿಯಲ್ಲಿದ್ದ ಬುದ್ಧ ಎಲ್ಲರ ಎದುರು ಮನುಷ್ಯರ ಕಡೆಗೆ ಬಂದು ನಿಲ್ಲುತ್ತಾನೆ. ಅವನು ಹುಟ್ಟಿದ್ದು ಮನುಷ್ಯನಾಗಿಯೇ, ಹಾಗಾಗಿ ಇದು ಮೂಲಕ್ಕೆ ಹತ್ತಿರವೇ. ಕೈಯಲ್ಲಿರುವ ದಂಡ ಅವನ ಮನಸ್ಸು ಹೇಗಿದೆಯೋ ಹಾಗೆ ರೂಪ ಬದಲಿಸುತ್ತದೆ. ಆರು ರೂಪ. ಬೌದ್ಧರ ಆರು ಲೋಕಗಳ ಲೆಕ್ಕ: ದೇವ, ಅಸುರ, ಮನುಷ್ಯ, ಪ್ರಾಣಿ, ಪ್ರೇತ, ನರಕ. ಓದಿಕೊಂಡು ಬರೆದಿದ್ದಾರೆ.

ಎದುರಾಳಿ ಜೆರೊಫುಕು. ಜನರ ಕಷ್ಟವನ್ನೆಲ್ಲ ತಾನು ಹೀರಿಕೊಂಡು ಅವರನ್ನು ಸುಖವಾಗಿಡುತ್ತಿದ್ದ ಪಾಪದ ದೇವರು. ಕಷ್ಟ ಹೋದ ಜನ ಸೋಮಾರಿಗಳಾದರು, ಇವನನ್ನು ತಿರುಗಿಯೂ ನೋಡಲಿಲ್ಲ. ಅದೇ ಹೊತ್ತಿಗೆ ಎಲ್ಲರೂ ಬುದ್ಧನ ಹಿಂದೆ. ಹೊಟ್ಟೆಕಿಚ್ಚಿನಿಂದ ಒಡೆದು ಏಳು ಅದೃಷ್ಟ ದೇವರುಗಳಾಗಿ ಬೇರೆಯಾದ. ಬುದ್ಧ ಇವನನ್ನು ಮುಗಿಸುವುದಿಲ್ಲ. ಸಿಟ್ಟನ್ನು ಇಳಿಸುತ್ತಾನೆ, ಸಿಹಿ ಕೊಡುತ್ತಾನೆ, ಗೆಳೆಯನಾಗುತ್ತಾನೆ. ಆಮೇಲೆ ಜೆರೊಫುಕುವಿನ ಮೈಯಿಂದ ಹಜುನ್ ಎದ್ದು ಬರುತ್ತಾನೆ. ಹಜುನ್ ಅಂದರೆ ನಮ್ಮ ಮಾರನೇ, ಪಾಪೀಯ. ಆಗ ಬುದ್ಧನ ಕೈಗೆ ಆಯುಧವಾಗಿ ಬರುವವನು ಯಾರು? ಅದೇ ಜೆರೊಫುಕು. ಇಡೀ ಸರಣಿಯಲ್ಲಿ ಶತ್ರುವೇ ಆಯುಧವಾದ ಜಾಗ ಇದೊಂದೇ ನನಗೆ ನೆನಪಿರುವುದು. ಕರುಣೆಯನ್ನು ಹೊಡೆದಾಟದ ಭಾಷೆಗೆ ಇಳಿಸುವುದಾದರೆ ಇದಕ್ಕಿಂತ ಚೆನ್ನಾಗಿ ಇಳಿಸಲು ಆಗಲ್ಲ. ಲಾಲಿಪಾಪ್‌ನ ನಾನು ಅಲ್ಲಿಗೆ ಮಾಫಿ ಮಾಡಿದೆ.

ನೀಲಿಶಾಯಿ

ಇದನ್ನೇ ನಾನು ಹೇಳಲು ಹೊರಟಿದ್ದು, ನೀವು ಚೆನ್ನಾಗಿ ಹೇಳಿದಿರಿ. ವೇಷ ಎಷ್ಟು ಬೇಕಾದರೂ ಬದಲಿಸಲಿ. ಬುದ್ಧನ ಸುತ್ತಿನಲ್ಲಿ ಬುದ್ಧ ಮಾಡುವ ಕೆಲಸ ಬುದ್ಧನದ್ದು. ಅಲ್ಲಿ ಥಾರ್‌ನನ್ನೋ ಜೀಯಸ್‌ನನ್ನೋ ನಿಲ್ಲಿಸಿದರೆ ಕಥೆ ನಡೆಯುವುದಿಲ್ಲ. ಶಿವನ ಸುತ್ತಿನಲ್ಲಿ ನಡೆಯುತ್ತದೆ.

ಸಾಲುಮರ

ನನ್ನ ಅನುಮಾನ ಬೇರೆ. ಬೌದ್ಧ ಧರ್ಮ ಜಪಾನಿಗೆ ಆರನೇ ಶತಮಾನದಲ್ಲೇ ಹೋಗಿದೆ. ಬರೆದವರು ಬೆಳೆದದ್ದೇ ಅದರ ನಡುವೆ. ಬುದ್ಧ ಚೆನ್ನಾಗಿ ಬಂದದ್ದರಲ್ಲಿ ಆಶ್ಚರ್ಯ ಏನಿದೆ?

ಆದರೆ ಶಿವನೂ ಜಪಾನಿಗೆ ಹೋಗಿದ್ದಾನೆ, ಅದು ಇಲ್ಲಿ ಯಾರ ನೆನಪಿಗೂ ಬರಲಿಲ್ಲ. ಬೌದ್ಧರ ಜೊತೆಯಲ್ಲೇ ಹೋದ. ಮಹಾಕಾಲ ಅಲ್ಲಿ ದೈಕೊಕುತೆನ್ ಆದ. ದೊಗಲೆ ಟೋಪಿ, ಬೆನ್ನ ಮೇಲೆ ಮೂಟೆ, ಕೈಯಲ್ಲಿ ಪುಟ್ಟ ಸುತ್ತಿಗೆ, ಅಕ್ಕಿಮೂಟೆಗಳ ಮೇಲೆ ನಿಂತು ಬಾಯ್ತುಂಬ ನಗುವ ದೇವರು. ಮಹಾಕಾಲ ಹೀಗಾದ ಅಂದರೆ ನಂಬುತ್ತೀರಾ? ಸರಸ್ವತಿ ಬೆಂಜೈತೆನ್ ಆದಳು, ವೀಣೆಯ ಬದಲು ಕೈಯಲ್ಲಿ ಬಿವಾ ಅನ್ನುವ ಜಪಾನಿ ತಂತಿವಾದ್ಯ. ಕುಬೇರ ಬಿಷಮೊನ್‌ತೆನ್ ಆದ, ಮೈತುಂಬ ಕವಚ. ಈ ಮೂವರೂ ಆ ಏಳು ಅದೃಷ್ಟ ದೇವರುಗಳಲ್ಲೇ ಇದ್ದಾರೆ. ಅಂದರೆ ಈ ಸರಣಿಯಲ್ಲಿ ಶಿವನ ಒಂದು ಜಪಾನಿ ರೂಪ ಜೆರೊಫುಕುವಿನ ಒಳಗೇ ಇದೆ! ದೇವರುಗಳು ಊರು ಬಿಟ್ಟು ಹೋದರೆ ರೂಪ ಬದಲಾಗುತ್ತದೆ. ಸಾವಿರ ವರ್ಷದಿಂದ ಆಗುತ್ತಲೇ ಬಂದಿದೆ.

ಗಣಪತಿಯೂ ಹೋಗಿದ್ದಾನೆ, ಕಾಂಗಿತೆನ್ ಅಂತ. ಎರಡು ಆನೆಮುಖದ ಮೂರ್ತಿಗಳು ಅಪ್ಪಿಕೊಂಡು ನಿಂತ ರೂಪ. ಅದನ್ನು ಅಲ್ಲಿನ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಜನರಿಗೆ ತೋರಿಸುವುದಿಲ್ಲ, ಮುಚ್ಚಿಯೇ ಇಡುತ್ತಾರೆ. ‘ಜಪಾನಿಗರಿಗೆ ದೇವರು ಅಂದರೆ ತಮಾಷೆ’ ಅಂತ ಹೇಳುವವರಿಗೆ ಇದು ಗೊತ್ತಿರಲಿ. ತೋರಿಸಬಾರದ ದೇವರು ಅವರಲ್ಲೂ ಇದ್ದಾರೆ.

ಯಕ್ಷಪ್ರೇಮಿ

ರೂಪದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಅನಿಮೆ ಶಿವನ ನಾಲ್ಕು ಕೈ ನೋಡಿ ‘ಇಷ್ಟು ಕೈ ಯಾಕೆ ಕೊಟ್ಟರು’ ಅಂತ ಒಬ್ಬರು ಕೇಳಿದ್ದರು. ಬಾದಾಮಿಯ ಒಂದನೇ ಗುಹೆಯ ಹೊರಗೆ ನಿಂತ ನಟರಾಜನಿಗೆ ಹದಿನೆಂಟು ಕೈ. ಆರನೇ ಶತಮಾನದ ಕೆತ್ತನೆ. ಜೋಡಿ ಜೋಡಿ ಕೈ ಸೇರಿಸಿದರೆ ಎಂಬತ್ತೊಂದು ನಾಟ್ಯದ ಭಂಗಿ ಕಾಣುತ್ತದೆ ಅಂತ ಅಲ್ಲಿ ವಿವರಿಸುತ್ತಾರೆ. ಒಂದೇ ಕಲ್ಲಿನಲ್ಲಿ ಕುಣಿತದ ಚಲನೆ ತೋರಿಸಿದ್ದಾರೆ. ಆ ಶಿಲ್ಪಿಯ ಕೈಗೆ ಅನಿಮೇಷನ್ ಸಿಕ್ಕಿದ್ದರೆ ಐದನೇ ಸುತ್ತಿನ ತಾಂಡವ ಇನ್ನೂ ಎಲ್ಲಿಗೋ ಹೋಗುತ್ತಿತ್ತು. ನಿಜ ಹೇಳಬೇಕೆಂದರೆ ಈ ಸರಣಿಯಲ್ಲಿ ನನಗೆ ಬೇಜಾರು ತರಿಸಿದ್ದು ಅದೇ. ಮಂಗಾದಲ್ಲಿ ಬೆಂಕಿ ಹಾಗಿದ್ದ ಪುಟಗಳು ಅನಿಮೆಯಲ್ಲಿ ನಿಂತ ಚಿತ್ರವಾಗಿ ಜಾರಿಕೊಂಡು ಹೋಗುತ್ತವೆ. ದೇವರಿಗೆ ಮಾಡಿದ ನಿಜವಾದ ಅವಮಾನ ಅಂದರೆ ಆ ಬಜೆಟ್ಟು.

ಹರಟೆಮಲ್ಲ

😂 ಇದು ಮಾತು ಅಂದ್ರೆ.

ಆದ್ರೆ ಒಂದು ಕೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ಯೇಸುವನ್ನು ಯಾಕೆ ಅಖಾಡಕ್ಕೆ ಇಳಿಸಲಿಲ್ಲ? ಪ್ರವಾದಿಯನ್ನು ಯಾಕೆ ಮುಟ್ಟಲಿಲ್ಲ? ಸುಮ್ನಿರೋರನ್ನು ಕಂಡರೆ ಎಲ್ಲರಿಗೂ ಸದರ, ಅಷ್ಟೇ ತಾನೆ?

ಸಾಲುಮರ

ಎರಡನೇ ಸುತ್ತಿನಲ್ಲಿ ಸತ್ತದ್ದು ಯಾರು ಮಲ್ಲ? ಆದಮ. ಯೆಹೂದಿಗಳಿಗೆ, ಕ್ರೈಸ್ತರಿಗೆ ಮೊದಲ ಮನುಷ್ಯ. ಮುಸ್ಲಿಮರಿಗೆ ಮೊದಲ ಪ್ರವಾದಿಯೂ ಹೌದು. ಅವನನ್ನು ಮೈಮೇಲೆ ಒಂದು ಎಲೆ ಬಿಟ್ಟರೆ ಏನೂ ಇಲ್ಲದೆ ನಿಲ್ಲಿಸಿ, ಜೀಯಸ್ ಕೈಯಲ್ಲಿ ಹೊಡೆಸಿ ಸಾಯಿಸಿದ್ದಾರೆ. ‘ಮುಟ್ಟಲಿಲ್ಲ’ ಅನ್ನುವ ಮಾತು ನಿಲ್ಲುವುದಿಲ್ಲ.

ಇನ್ನು ಪ್ರವಾದಿ ಮಹಮ್ಮದರ ಚಿತ್ರ ಬರೆಯುವುದೇ ತಪ್ಪು ಅನ್ನುವುದು ಬಹುಪಾಲು ಮುಸ್ಲಿಮರ ನಂಬಿಕೆ. ಶಿವನ ವಿಷಯದಲ್ಲಿ ಹಾಗಿಲ್ಲ. ಕಲ್ಲಲ್ಲಿ, ಕಂಚಲ್ಲಿ, ಕ್ಯಾಲೆಂಡರಲ್ಲಿ, ಸಿನಿಮಾದಲ್ಲಿ ನಾವೇ ಎಲ್ಲೆಂದರಲ್ಲಿ ಅವನ ಚಿತ್ರ ಬರೆಯುತ್ತೇವೆ. ಎರಡನ್ನೂ ಒಂದೇ ಗೆರೆಗೆ ತಂದು ‘ಅವರಿಗೊಂದು ನಮಗೊಂದಾ’ ಅಂದರೆ ಲೆಕ್ಕ ತಪ್ಪುತ್ತದೆ.

ಮತ್ತೆ ಆದಮನ ಸುತ್ತನ್ನು ಇನ್ನೊಮ್ಮೆ ನೋಡಿ. ಹಣ್ಣಿನ ಕಥೆಯನ್ನು ಪೂರಾ ತಿರುಗಿಸಿದ್ದಾರೆ. ಹವ್ವಳ ಮೇಲೆ ಹಾವು ಸುಳ್ಳು ಆಪಾದನೆ ಹೊರಿಸುತ್ತದೆ, ದೇವರ ನ್ಯಾಯಾಲಯ ನಂಬುತ್ತದೆ. ಆದಮ ತಾನೂ ಹಣ್ಣು ಕಚ್ಚಿ, ಹೆಂಡತಿಯ ಜೊತೆ ಹೊರಗೆ ನಡೆಯುತ್ತಾನೆ. ಸಾವಿರಾರು ವರ್ಷ ಹೆಣ್ಣಿನ ತಲೆಗೆ ಕಟ್ಟಿದ ತಪ್ಪನ್ನು ಒಂದು ಹೊಡೆದಾಟದ ಮಂಗಾ ಇಳಿಸಿತು. ಬೈಬಲ್ ಓದುವವರಿಗೆ ಇದು ಇಷ್ಟ ಆಗದೇ ಇರಬಹುದು. ಆದರೆ ಅಖಾಡದಲ್ಲಿ ಅವನು ಸಾಯುವ ರೀತಿ? ಪ್ರಾಣ ಹೋಗಿದೆ, ಕಾಲು ಮಾತ್ರ ನೆಲ ಬಿಟ್ಟಿಲ್ಲ. ಗ್ಯಾಲರಿಯಲ್ಲಿ ಕೂತ ಮನುಷ್ಯರೆಲ್ಲ ಅವನ ಮಕ್ಕಳು. ಮಕ್ಕಳನ್ನು ಕಾಯಲು ಅಪ್ಪನಿಗೆ ಕಾರಣ ಬೇಕಾ ಅನ್ನುವುದೇ ಅವನ ನಿಲುವು. ನೀಲಿಶಾಯಿ ಕೇಳಿದ ‘ಇಬ್ಬರ ನಡುವೆ ಏನಿದೆ’ ಅನ್ನುವುದಕ್ಕೆ ಇಲ್ಲಿ ಉತ್ತರ ಇದೆ.

ಕರಿಕೋಟು

ಈ ಸರಣಿ ಭಾರತದಲ್ಲಿ ಯಾಕೆ ಸಿಗಲಿಲ್ಲ ಅಂದಾಗ ಎಲ್ಲರೂ ‘ಬ್ಯಾನ್ ಮಾಡಿದರು’ ಅನ್ನುತ್ತಾರೆ. ಬ್ಯಾನ್ ಅಂದರೆ ಸರ್ಕಾರದ ಆದೇಶ. ಕಂಪನಿ ತಾನಾಗಿ ಒಂದು ದೇಶದ ಪಟ್ಟಿಗೆ ಒಂದು ಸರಣಿ ಸೇರಿಸದೆ ಬಿಡುವುದು ಬೇರೆ.

ಆಗಿನ ಸಮಯ ನೋಡಿ. 2021ರ ಜನವರಿಯಲ್ಲಿ ಒಂದು ಹಿಂದಿ ವೆಬ್ ಸರಣಿಯಲ್ಲಿ ಶಿವನ ವೇಷದ ನಾಟಕದ ದೃಶ್ಯಕ್ಕೆ ದೊಡ್ಡ ಗಲಾಟೆ ಆಗಿ, ತಂಡದವರು ಕ್ಷಮೆ ಕೇಳಿ ದೃಶ್ಯ ತೆಗೆದಿದ್ದರು. ಹಲವು ಕಡೆ ಎಫ್‌ಐಆರ್ ಬಿದ್ದಿತ್ತು. ಫೆಬ್ರವರಿಯಲ್ಲಿ ಒಟಿಟಿಗಳಿಗೆ ಹೊಸ ಐಟಿ ನಿಯಮ ಬಂತು. ಧಾರ್ಮಿಕ ನಂಬಿಕೆಗಳ ವಿಷಯದಲ್ಲಿ ಎಚ್ಚರ ಇರಲಿ ಅಂತ ಅದರಲ್ಲಿ ಬರೆದಿದೆ. ಜೂನ್‌ನಲ್ಲಿ ಈ ಸರಣಿ. ಯಾವ ಕಂಪನಿಯ ವಕೀಲ ‘ಬಿಡಿ, ನೋಡೋಣ’ ಅನ್ನುತ್ತಾನೆ?

ಧಾರ್ಮಿಕ ಭಾವನೆ ಕೆರಳಿಸುವುದನ್ನು ಅಪರಾಧ ಅನ್ನುವ ಕಲಂ 295ಎ ಕೂಡ ಜನ ಅಂದುಕೊಂಡ ಹಾಗಿಲ್ಲ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299. ಮನಸ್ಸಿಗೆ ನೋವಾಯಿತು ಅಂದರೆ ಸಾಲದು. ಬೇಕೆಂದೇ, ಕೆಟ್ಟ ಉದ್ದೇಶದಿಂದ ಮಾಡಿರಬೇಕು. ಶಿಕ್ಷೆ ಮೂರು ವರ್ಷದವರೆಗೆ. ಶಿವನನ್ನು ಗೆಲ್ಲಿಸಿದ ಕಥೆಯಲ್ಲಿ ಕೆಟ್ಟ ಉದ್ದೇಶ ತೋರಿಸುವುದು ಕಷ್ಟ. ಆದರೆ ಕೋರ್ಟಿನಲ್ಲಿ ಗೆಲ್ಲುವುದು ಆಮೇಲಿನ ಮಾತು, ಅಲ್ಲಿಯವರೆಗೆ ಓಡಾಡಬೇಕಲ್ಲ. ಅದಕ್ಕೇ ಯಾರೂ ಕೈ ಹಾಕುವುದಿಲ್ಲ.

ಕಡ್ಲೆಪುರಿ

ಭಾವನೆಗೆ ನೋವು ಅಂತ ಇಷ್ಟು ಮಾತಾಡಿದ ಮೇಲೆ ನಾಲ್ಕನೇ ಸುತ್ತಿನ ಬಗ್ಗೆ ಕೇಳಲೇಬೇಕು. ಮನುಷ್ಯ ಕುಲವನ್ನು ಉಳಿಸಲು ಇಳಿಯುವವನು ಜ್ಯಾಕ್ ದ ರಿಪ್ಪರ್. ಎದುರಾಳಿ ಹೆರಾಕ್ಲಿಸ್, ಮನುಷ್ಯರನ್ನು ಪ್ರೀತಿಸುವ ದೇವರು. ಜ್ಯಾಕ್ ಗೆಲ್ಲುತ್ತಾನೆ. ಅವನಿಗೊಂದು ಅಳು ಬರಿಸುವ ಬಾಲ್ಯ, ಒಂದು ಚಂದದ ಕೋಟು, ಜನರ ಭಾವನೆಗಳ ಬಣ್ಣ ಕಾಣುವ ಕಣ್ಣು.

1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಕೊಲೆಯಾದ ಆ ಬಡ ಹೆಂಗಸರು ಪುರಾಣದ ಪಾತ್ರಗಳಲ್ಲ. ಅವನ ಕೈಯಲ್ಲೇ ಸತ್ತರು ಅಂತ ಸಾಮಾನ್ಯವಾಗಿ ಒಪ್ಪಿಕೊಂಡಿರುವುದು ಐವರು. ಕುತ್ತಿಗೆ ಕೊಯ್ದವನು ಯಾರು ಅಂತ ಇವತ್ತಿಗೂ ಪತ್ತೆಯಾಗಿಲ್ಲ. ಶಿವನ ಮಾನ ಕಾಯಲು ಕೋಟಿ ಜನ ಇದ್ದಾರೆ, ಮತ್ತು ಶಿವನಿಗೆ ಅದರ ಅಗತ್ಯವೂ ಇಲ್ಲ. ಆ ಹೆಂಗಸರ ಕಡೆ ಯಾರಿದ್ದಾರೆ? ಈ ಸರಣಿಯಲ್ಲಿ ನನಗೆ ನಿಜವಾಗಿ ಕಸಿವಿಸಿ ಆದದ್ದು ಅಲ್ಲಿ.

ರಾತ್ರಿಪಾಳಿ

ಒಪ್ಪಿದೆ. ಆ ಸುತ್ತಿನಲ್ಲಿ ಗ್ಯಾಲರಿಯ ಮನುಷ್ಯರೇ ಅವನಿಗೆ ಜೈ ಅನ್ನಲ್ಲ, ಗೆದ್ದ ಮೇಲೂ ಕಲ್ಲು ಹೊಡೆಯುತ್ತಾರೆ. ಬರೆದವರಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಆದರೂ ಕೋಟು ಚಂದ ಇದೆ, ಹುಡುಗರು ಅದೇ ವೇಷ ಹಾಕುತ್ತಾರೆ. ಅದಕ್ಕೆ ಏನು ಮಾಡೋದು.

ಮನುಷ್ಯರ ತಂಡದ ಬಗ್ಗೆ ಇನ್ನೊಂದು. ಮೂಲ ಪಟ್ಟಿಯ ಹದಿಮೂರರಲ್ಲಿ ಕೊಜಿರೊ, ರೈಡೆನ್, ಒಕಿತಾ, ಕಿಂತೊಕಿ, ಹೀಗೆ ನಾಲ್ವರು ಜಪಾನಿನವರು. ಆಫ್ರಿಕದಿಂದ ಒಬ್ಬನೂ ಇಲ್ಲ. ಭಾರತದಿಂದಲೂ ಇಲ್ಲ, ಬುದ್ಧ ಆಮೇಲೆ ಕಡೆ ಬದಲಿಸಿದ್ದಕ್ಕೆ ಬಂದ. ಇಡೀ ಮನುಷ್ಯ ಕುಲದ ಪರವಾಗಿ ಅಂದಮೇಲೆ ಇದು ಕಣ್ಣಿಗೆ ಹೊಡೆಯುತ್ತದೆ. ಜಪಾನಿನ ಓದುಗರಿಗೆ ಬರೆದದ್ದು, ಮನೆಯವರಿಗೆ ಒಂದು ತುತ್ತು ಜಾಸ್ತಿ. ನಾವು ಬರೆದಿದ್ದರೂ ಹಾಗೇ ಮಾಡುತ್ತಿದ್ದೆವು.

ಹರಟೆಮಲ್ಲ

ನಾವು ಬರೆದಿದ್ರೆ ಶಿವನ ಎದುರು ಯಾರನ್ನ ಇಳಿಸ್ತಿದ್ವಿ? ಅರ್ಜುನ ಅನ್ಬೇಡಿ, ಆ ಮ್ಯಾಚ್ ಆಗ್ಲೇ ಆಗಿದೆ.

ಯಕ್ಷಪ್ರೇಮಿ

ಕಣ್ಣಪ್ಪ. ಮೊದಲ ಏಟಿಗೇ ಶಿವ ಸೋಲೊಪ್ಪಿಕೊಳ್ಳುತ್ತಾನೆ, ಹನ್ನೆರಡು ಸೆಕೆಂಡಿನ ಎಪಿಸೋಡ್.

ಕಡ್ಲೆಪುರಿ

ಎದುರಾಳಿ ಯಾರಾದರೂ ಆಗಲಿ, ಶಿವನ ಬದಲು ದೇವರ ಕಡೆಯಿಂದ ದುರ್ಗೆಯನ್ನು ಇಳಿಸಿ. ಜೀಯಸ್ ಬಂದು ‘ನಿನ್ನ ಸರದಿ ನನಗೆ ಕೊಡು’ ಅಂದಾಗ ಅವಳು ಏನು ಮಾಡುತ್ತಾಳೆ, ಅದೊಂದು ದೃಶ್ಯ ನನಗೆ ನೋಡಬೇಕು.

ನೀಲಿಶಾಯಿ

ಆ ದೃಶ್ಯ ಬರೆಯುವವರು ಯಾರಾದರೂ ಇದ್ದರೆ ಇಲ್ಲೇ ಹಾಕಿ. ಏಳನೇ ಸುತ್ತಿನ ಹೇಡಿಸ್ ಮತ್ತು ಚಿನ್ ಷಿ ಹುವಾಂಗ್ ಬಗ್ಗೆ ಬೇರೆ ಚರ್ಚೆ ತೆರೆಯುತ್ತೇನೆ. ಅಲ್ಲಿ ಧರ್ಮದ ಜಗಳ ಇಲ್ಲ. ಇಬ್ಬರು ರಾಜರ ಜಗಳ, ಅದರ ಮಜಾನೇ ಬೇರೆ.